ಕನ್ನಂಬಾಡಿ ಹಿನ್ನೀರಿನಲ್ಲಿ ಮುಳುಗಿದ ಜಾಗದ ನೆತ್ತಿಗೆ ತಲುಪುವುದು: ಜಿಪಿಎಸ್, ಜೋಡಿಗುರುತು, ದಿಕ್ಸೂಚಿ, ಸೋನಾರ್

ಹಿನ್ನೀರಿನ ನಡುವೆ ಹರಿಗೋಲು ನಿಲ್ಲಿಸಿ ಕೆಳಗೆ ಬಗ್ಗಿದರೆ ಕಾಣುವುದು ಹಸಿರುಗಪ್ಪು ನೀರು ಮಾತ್ರ. ತಳದಲ್ಲಿರುವ ಹಳೆಯ ಗೋಡೆಯೋ ಬಾವಿಯೋ ನಮ್ಮ ಗುರಿಯಾದರೆ ಅದರ ನೆತ್ತಿಯ ಮೇಲೆಯೇ ಇಳಿಯಬೇಕು. ಎರಡು ಮೀಟರ್ ಕೂಡ ಕಣ್ಣಿಗೆ ಹತ್ತದ ಆ ನೀರಿನಲ್ಲಿ ಹತ್ತು ಮೀಟರ್ ತಪ್ಪಿದರೂ ಸಿಲಿಂಡರಿನ ಅರ್ಧ ಗಾಳಿ ಹುಡುಕಾಟಕ್ಕೇ ಮುಗಿಯುತ್ತದೆ. ಹಾಗಾಗಿ ಒಂದೇ ಗುರಿ, ಒಂದೇ ಹರಿಗೋಲು ಇಟ್ಟುಕೊಂಡು ನಾಲ್ಕು ವಿಧಾನಗಳನ್ನು ಹೋಲಿಸಿದ್ದೇವೆ. ನೇತ್ರಾಣಿಯಂಥ ಕಡಲ ಜಾಗಕ್ಕೆ ತಯಾರಾಗುವವರಿಗೂ ಲೆಕ್ಕ ಇದೇ.

ಮೊದಲು ಎರಡು ಮಾತು. ಅನುಮತಿಯಿಲ್ಲದೆ ಜಲಾಶಯಕ್ಕೆ ಇಳಿಯಬೇಡಿ, ಕಟ್ಟೆಯ ಗೋಡೆಯ ಹತ್ತಿರವಂತೂ ಸುಳಿಯಲೇಬೇಡಿ. ಇನ್ನೊಂದು, ಜಾಗ ಬರೆದಿಟ್ಟುಕೊಳ್ಳುವಾಗ ಅಂದಿನ ನೀರಿನ ಮಟ್ಟವನ್ನೂ ಬರೆಯಿರಿ. ಗರಿಷ್ಠ ಮಟ್ಟ 124.80 ಅಡಿ, ದಿನದ ಮಟ್ಟ ಪತ್ರಿಕೆಯಲ್ಲಿ ಬರುತ್ತದೆ. 110 ಅಡಿ ಇದ್ದಾಗ 12 ಮೀಟರ್ ಆಳದಲ್ಲಿದ್ದ ಗೋಡೆ 120 ಅಡಿಗೆ ಏರಿದಾಗ 15 ಮೀಟರ್ ಆಳಕ್ಕೆ ಹೋಗಿರುತ್ತದೆ. ಹಗ್ಗದ ಉದ್ದ, ಗಾಳಿಯ ಲೆಕ್ಕ ಎರಡೂ ಬದಲಾಗುತ್ತವೆ.

ಜಿಪಿಎಸ್ ಎಲ್ಲರ ಜೇಬಿನಲ್ಲಿದೆ. ಬಯಲಿನಲ್ಲಿ ಮೊಬೈಲು ಸುಮಾರು 5 ಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ. ಆದರೆ ಗುರುತು ಹಾಕಿದ ದಿನ 5 ಮೀಟರ್ ಒಂದು ಕಡೆಗೆ, ಮರಳಿ ಬಂದ ದಿನ 5 ಮೀಟರ್ ಮತ್ತೊಂದು ಕಡೆಗೆ ತಪ್ಪಿದರೆ ನಡುವಿನ ಅಂತರ ಹತ್ತು. ಅಂಕೆ ಬರೆಯುವ ರೀತಿಯಲ್ಲೇ ಇದಕ್ಕಿಂತ ದೊಡ್ಡ ತಪ್ಪು ಆಗುತ್ತದೆ: 25.50 ನಿಮಿಷ ಎಂಬುದನ್ನು 25 ನಿಮಿಷ 50 ಸೆಕೆಂಡ್ ಎಂದು ಓದಿದರೆ ಅಕ್ಷಾಂಶದಲ್ಲಿ 600 ಮೀಟರಿಗೂ ಹೆಚ್ಚು ಆಚೆ ಹೋಗುತ್ತೀರಿ. ಹಳೆಯ ಸರ್ವೆ ನಕ್ಷೆಗಳು ಅಕ್ಷಾಂಶ-ರೇಖಾಂಶಕ್ಕೆ ಬಳಸಿದ ಎವರೆಸ್ಟ್ ಮಾಪನವನ್ನು ಈಗಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಮಾಪನಕ್ಕೆ ಪರಿವರ್ತಿಸದೆ ಬಳಸಿದರೂ ನೂರು ಮೀಟರಿಗೂ ಮೀರಿದ ತಪ್ಪು. ದಾರಿ ತೋರುವ ಬಾಣವೂ ಕೊನೆಯಲ್ಲಿ ಕೈಕೊಡುತ್ತದೆ. ಚಲನೆಯಿಂದ ದಿಕ್ಕು ಲೆಕ್ಕಹಾಕುವ ಉಪಕರಣಗಳಲ್ಲಿ ಹರಿಗೋಲು ನಿಧಾನವಾದ ಕೂಡಲೇ ಬಾಣ ಸುತ್ತತೊಡಗುತ್ತದೆ. ಕೊನೆಯ 50 ಮೀಟರಿನಲ್ಲಿ ಬಾಣ ಬಿಟ್ಟು ಅಂತರದ ಅಂಕೆಯನ್ನಷ್ಟೇ ನೋಡಿ.

ಜೋಡಿಗುರುತು ಮೀನುಗಾರರ ಹಳೆಯ ವಿದ್ಯೆ. ನಮ್ಮ ಹೋಲಿಕೆಯಲ್ಲಿ ಕೊನೆಯ ಹತ್ತು ಮೀಟರಿಗೆ ಇದಕ್ಕೆ ಸಾಟಿಯಿಲ್ಲ. ದಡದ ಹತ್ತಿರ ಒಂದು ವಸ್ತು, ಅದರ ಹಿಂದೆ ದೂರದಲ್ಲಿ ಇನ್ನೊಂದು. ಎರಡೂ ಒಂದರ ಹಿಂದೊಂದು ಕೂತಾಗ ನೀವು ಒಂದು ಗೆರೆಯ ಮೇಲಿದ್ದೀರಿ. ಬೇರೆ ದಿಕ್ಕಿನಲ್ಲಿ ಇನ್ನೊಂದು ಜೋಡಿ. ಎರಡು ಗೆರೆ ಕೂಡುವಲ್ಲಿ ಗುರಿ. ಗೆರೆಗಳ ನಡುವಿನ ಕೋನ 90 ಡಿಗ್ರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು. 30ಕ್ಕಿಂತ ಕಡಿಮೆಯಾದರೆ ಆ ಜೋಡಿ ಬಿಡಿ.

ಜೋಡಿಯೊಳಗಿನ ದೂರವೇ ಇದರ ಜೀವ. ಮುಂದಿನ ಗುರುತು 500 ಮೀಟರ್, ಹಿಂದಿನದು 2 ಕಿ.ಮೀ. ದೂರವಿದ್ದರೆ ಹರಿಗೋಲು 2 ಮೀಟರ್ ಅಡ್ಡ ಜರುಗಿದಾಗ, ಚಾಚಿದ ಕೈಯ ಅಳತೆಪಟ್ಟಿಯಲ್ಲಿ ಸುಮಾರು 2 ಮಿ.ಮೀ. ಬಿರುಕು ತೆರೆಯುತ್ತದೆ. ಕಣ್ಣಿಗೆ ಅಷ್ಟು ಸಾಕು. ಹಿಂದಿನದು 600 ಮೀಟರಿನಲ್ಲೇ ಇದ್ದರೆ ಅರ್ಧ ಮಿ.ಮೀ. ಕೂಡ ತೆರೆಯುವುದಿಲ್ಲ. ಮುಂದಿನ ಗುರುತು ಎಡಕ್ಕೆ ಜರುಗಿ ಕಂಡರೆ ಹರಿಗೋಲನ್ನೂ ಎಡಕ್ಕೇ ಒಯ್ಯಿರಿ.

ಯಾವುದನ್ನು ಆರಿಸಬೇಕು? ದೇವಸ್ಥಾನದ ಗೋಪುರ, ನೀರಿನ ಟ್ಯಾಂಕ್, ಮೊಬೈಲ್ ಟವರ್, ಬಂಡೆಯ ಅಂಚು. ತೆಂಗಿನ ತೋಟದ ಸಾಲಿನಲ್ಲಿ ಒಂದು ಮರ ಹಿಡಿದರೆ ಮುಂದಿನ ವಾರ ಅದು ಯಾವುದೆಂದೇ ತಿಳಿಯದು. ಒಂಟಿ ಮರವಾದರೆ ಸರಿ. ಕಬ್ಬಿನ ಗದ್ದೆಯ ಅಂಚು ಕಟಾವಿನ ದಿನ ಮಾಯ, ಬಣವೆ ಬೇಸಿಗೆಗೆ ಮಾಯ. ದಡದ ಬಂಡೆ ನೀರು ಏರಿದಾಗ ಮುಳುಗುತ್ತದೆ; 124.80ರ ಗೆರೆಗಿಂತ ಮೇಲಿರುವುದನ್ನೇ ಹಿಡಿಯಿರಿ. ದೂರದ ಬೆಟ್ಟ ಹಿಂಗುರುತಾಗಿ ಚೆನ್ನ, ಆದರೆ ಅದರ ಮೈಯಲ್ಲ, ಒಂದು ಚೂಪು ತುದಿ ಬೇಕು. ಮೊಬೈಲಿನ ಅಗಲ ಚಿತ್ರದಲ್ಲಿ ಹಿಂದಿನ ಗುರುತು ಚುಕ್ಕೆಯಾಗಿಬಿಡುತ್ತದೆ. ಹಿಗ್ಗಿಸಿ ತೆಗೆಯಿರಿ, ಜೊತೆಗೆ ಪೆನ್ಸಿಲಿನಲ್ಲಿ ಗೀಚಿಕೊಳ್ಳಿ. ಇದರ ಸೋಲು ಚಳಿಗಾಲದ ಬೆಳಗಿನ ಮಂಜಿನಲ್ಲಿ: ಮಂಜು ಕರಗಿದ ಮೇಲಷ್ಟೇ ಕೆಲಸ ಶುರು.

ದಿಕ್ಸೂಚಿ ಹರಿಗೋಲಿಗೆ ಒಗ್ಗದು. ದೋಣಿಗಿರುವ ಮೂತಿ ಇದಕ್ಕಿಲ್ಲ. ಹುಟ್ಟು ಹಾಕಿದಾಗಲೆಲ್ಲ ತಿರುಗುವುದರಿಂದ ಮುಳ್ಳು ನೆಲೆಗೊಳ್ಳುವುದೇ ಇಲ್ಲ. ನೆಲೆಗೊಂಡರೂ 2 ಡಿಗ್ರಿ ತಪ್ಪು 1 ಕಿ.ಮೀ. ದೂರದಲ್ಲಿ 35 ಮೀಟರ್. ಉಕ್ಕಿನ ಸಿಲಿಂಡರ್ ಪಕ್ಕದಲ್ಲಿದ್ದರೆ ಇನ್ನೂ ಹೆಚ್ಚು. ಮಂಜಿನಲ್ಲಿ ದಡ ಯಾವ ಕಡೆ ಎಂದು ತಿಳಿಯಲು ಮಾತ್ರ ಇಟ್ಟುಕೊಳ್ಳಿ.

ಸೋನಾರ್ (ನೀರೊಳಗೆ ಸದ್ದಿನ ಅಲೆ ಬಿಟ್ಟು ತಳ ತೋರಿಸುವ ಉಪಕರಣ) ದಾರಿ ತೋರುವುದಿಲ್ಲ, ತಲುಪಿದ್ದನ್ನು ಖಚಿತಪಡಿಸುತ್ತದೆ. 20 ಡಿಗ್ರಿ ಕಿರಣ 10 ಮೀಟರ್ ಆಳದಲ್ಲಿ ನೋಡುವುದು ಮೂರೂವರೆ ಮೀಟರ್ ಅಗಲದ ವೃತ್ತ. ಗುರಿಯ ಸುತ್ತ ಕುರುಡಾಗಿ ಓಡಾಡಿದರೆ ಸಿಗದು. ಒಂದು ಜೋಡಿಗುರುತಿನ ಗೆರೆ ಬಿಡದೆ ನಿಧಾನ ಸಾಗಬೇಕು. ಸಂವೇದಕವನ್ನು ಬಿದಿರುಗಳಕ್ಕೆ ಬಿಗಿದು ನೀರಿನಲ್ಲಿ 30 ಸೆಂ.ಮೀ. ಇಳಿಸಿ, ನೆಟ್ಟಗೆ ಹಿಡಿಯಿರಿ. 10 ಡಿಗ್ರಿ ವಾಲಿದರೆ 10 ಮೀಟರ್ ಆಳದಲ್ಲಿ ಸುಮಾರು ಒಂದೂಮುಕ್ಕಾಲು ಮೀಟರ್ ಪಕ್ಕದ್ದನ್ನು ತೋರಿಸುತ್ತದೆ. ಹರಿಗೋಲಿನಲ್ಲಿ ಒಬ್ಬರು ಎದ್ದು ನಿಂತರೆ ಅಷ್ಟು ವಾಲುವುದು ಸಾಮಾನ್ಯ. ಮರದ ಬೊಡ್ಡೆಯೂ ಸೋನಾರಿನ ತೆರೆಯಲ್ಲಿ ಗೋಡೆಯಂತೆಯೇ ಏಳುತ್ತದೆ. ಗೋಡೆಯಾದರೆ ಅಡ್ಡ ದಾಟಿದ ಪ್ರತಿಸಲವೂ ಒಂದೇ ಗೆರೆಯಲ್ಲಿ ಮತ್ತೆ ಸಿಗುತ್ತದೆ.

ಹಾಗಾಗಿ ನಮ್ಮ ಕ್ರಮ ಇದು: ಜಿಪಿಎಸ್‌ನಲ್ಲಿ 50 ಮೀಟರ್ ತನಕ, ಜೋಡಿಗುರುತಿನಲ್ಲಿ ನೆತ್ತಿಗೆ, ಸೋನಾರಿನಲ್ಲಿ ಎರಡು ಸಲ ಅಡ್ಡ ದಾಟಿ ಖಾತ್ರಿ, ಆಮೇಲೆ ಗುಂಡುಹಗ್ಗ, ಅಂದರೆ ಜಾಗದ ಗುರುತಿಗೆ ತಳಕ್ಕೆ ಭಾರ, ಮೇಲೆ ತೇಲುವ ಕ್ಯಾನು ಕಟ್ಟಿದ ಹಗ್ಗ. 10 ಕಿಲೋ ಕಬ್ಬಿಣ, 8 ಮಿ.ಮೀ. ಹಗ್ಗ, 20 ಲೀಟರಿನ ಮುಚ್ಚಿದ ಕ್ಯಾನು. ಗಾಳಿಗೆ ಎದುರಾಗಿ ಬಂದು, ಹರಿಗೋಲು ನಿಂತ ಕ್ಷಣದಲ್ಲಿ ಭಾರವನ್ನು ಎಸೆಯದೆ ಅಂಚಿನಿಂದ ನೇರ ಕೆಳಗೆ ಬಿಡಿ. ಹಗ್ಗ ಆಳಕ್ಕಿಂತ ಕಾಲುಭಾಗ ಹೆಚ್ಚಿರಲಿ, ಮಿಕ್ಕದ್ದನ್ನು ಕ್ಯಾನಿಗೆ ಸುತ್ತಿಬಿಡಿ. ಸಡಿಲು ಪ್ಲಾಸ್ಟಿಕ್ ಹಗ್ಗ ತೇಲಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಇಳಿಯುವವರ ಬಳಿ ಚಾಕು ಇರಲೇಬೇಕು, ಹರಿದು ಮುಳುಗಿದ ಬಲೆಗಳು ಇಲ್ಲಿ ಕಣ್ಣಿಗೆ ಕಾಣುವ ಮುಂಚೆ ಕೈಗೆ ಸಿಕ್ಕಿಕೊಳ್ಳುತ್ತವೆ. ಈ ನೀರು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಕಡಲಿನ ಡೈವ್ ಕೋಷ್ಟಕವನ್ನು ಇಲ್ಲಿಗೆ ಹಾಗೆಯೇ ಬಳಸುವಂತಿಲ್ಲ, ಎತ್ತರದ ಜಲಾಶಯಕ್ಕೆ ಹೊಂದಿಸಿದ ಲೆಕ್ಕವೇ ಬೇಕು.