ಫೋನಿನ ಕ್ಯಾಲ್ಕುಲೇಟರ್, ಹೊರಗಿನ ಆ್ಯಪ್, ಮಾವನ ಕ್ಯಾಸಿಯೊ

ನಮ್ಮ ಮಾವನದು ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಪಕ್ಕ ಪೈಪು, ಮೋಟಾರು, ಸಿಮೆಂಟಿನ ಅಂಗಡಿ. ಭದ್ರಾ ನಾಲೆಗೆ ನೀರು ಬಿಟ್ಟರೆ ಒಂದು ಸೀಸನ್. ಜಗಳೂರು ಕಡೆ ಬೋರ್ ಕೊರೆಸುವ ಕಾಲಕ್ಕೆ ಇನ್ನೊಂದು. ಬಿಲ್ ಬರೆಯೋದು ನಾನು. ಗಲ್ಲಾದ ಮೇಲೆ ಮಾವನ ಹಳೇ ಕ್ಯಾಸಿಯೊ ಕ್ಯಾಲ್ಕುಲೇಟರ್ ಇದೆ. ಅದರಲ್ಲಿ 5ರ ಅಂಕಿ ಅಳಿಸಿ ಹೋಗಿ ಎಷ್ಟೋ ವರ್ಷ ಆಯ್ತು. ಮಾವ ಗಿರಾಕಿಯ ಮುಖ ನೋಡಿಕೊಂಡೇ ಕೂಡುತ್ತಾರೆ, ಕೈ ತಾನೇ ಓಡುತ್ತದೆ. ನಾನು ಫೋನ್ ತೆಗೆದರೆ ಒಂದೇ ಮಾತು: "ಆ ಗಾಜಿನ ಮ್ಯಾಲೆ ಬೆರಳಿಗೇನ್ ತಿಳಿತೈತಲೇ?"

ಹೋದ ತಿಂಗಳು ಹಠ ಹಿಡಿದು ಎಲ್ಲವನ್ನೂ ಪಕ್ಕ ಪಕ್ಕ ಇಟ್ಟೆ. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಇದ್ದ ಗೂಗಲ್ ಕ್ಯಾಲ್ಕುಲೇಟರ್, ಮಾವನ ಮಗಳ ಐಫೋನ್, ಅಂಗಡಿಯಲ್ಲಿ ಕ್ಯಾಟಲಾಗ್ ತೋರಿಸೋಕೆ ಇಟ್ಟಿರುವ 2018ರ ಐಪ್ಯಾಡ್, ನಾನು ಇಳಿಸಿಕೊಂಡ ನಾಲ್ಕೈದು ಆ್ಯಪ್, ಕೊನೆಗೆ ಆ ಕ್ಯಾಸಿಯೊ. ಅವೇ ಬಿಲ್ಲುಗಳನ್ನು ಎಲ್ಲದರಲ್ಲೂ ಹೊಡೆದು ನೋಡಿದೆ.

ಮೊದಲನೇ ದಿನವೇ ಜಗಳ ಶುರು. 345 ರೂಪಾಯಿಯ 12 ಪೈಪು, 28 ರೂಪಾಯಿಯ 8 ಎಲ್ಬೋ. ಫೋನಿನಲ್ಲಿ 12 × 345 + 8 × 28 ಅಂತ ಸಾಲಾಗಿ ಒತ್ತಿದೆ, 4364 ಬಂತು. ಐಫೋನಿನಲ್ಲೂ ಅಷ್ಟೇ. ಅದನ್ನೇ ಕ್ಯಾಸಿಯೊದಲ್ಲಿ ಒತ್ತಿದರೆ 1,16,144! ಎರಡು ಸಾಮಾನಿಗೆ ಒಂದು ಲಕ್ಷದ ಮೇಲೆ. ಅದು ಕೆಟ್ಟಿಲ್ಲ. ಅಂಗಡಿ ಕ್ಯಾಲ್ಕುಲೇಟರ್ ಒತ್ತಿದ ಕ್ರಮದಲ್ಲೇ ಲೆಕ್ಕ ಮುಗಿಸುತ್ತಾ ಹೋಗುತ್ತದೆ. 4140ಕ್ಕೆ 8 ಕೂಡಿ, ಬಂದದ್ದನ್ನು 28ರಿಂದ ಗುಣಿಸಿತು. ಫೋನು ಶಾಲೆಯಲ್ಲಿ ಕಲಿಸಿದ ಹಾಗೆ ಗುಣಾಕಾರ ಮೊದಲು ಮಾಡುತ್ತದೆ. ನಾನು ನಕ್ಕೆ. ಮಾವ ನಗಲಿಲ್ಲ. ಕ್ಯಾಸಿಯೊ ಎಳೆದುಕೊಂಡು 12 × 345 ಸಮ, 8 × 28 ಸಮ, ಆಮೇಲೆ ಜಿಟಿ ಅಂತ ಇರುವ ಬಟನ್ ಒತ್ತಿದರು. 4364. ಸಮ ಒತ್ತಿದಾಗಲೆಲ್ಲ ಬಂದ ಉತ್ತರಗಳನ್ನು ಆ ಜಿಟಿ ಒಳಗೊಳಗೇ ಕೂಡಿ ಇಟ್ಟಿರುತ್ತದೆ. ಹತ್ತು ಸಾಮಾನಿನ ಬಿಲ್ಲಿಗೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ನಾನು ನೋಡಿದ ಗೂಗಲ್, ಐಫೋನ್ ಎರಡರಲ್ಲೂ ಈ ಬಟನ್ ಇಲ್ಲ. ಅಂಗಡಿ ಕ್ಯಾಲ್ಕುಲೇಟರಿನ ರೂಪದಲ್ಲೇ ಮಾಡಿದ ಹೊರಗಿನ ಆ್ಯಪುಗಳಲ್ಲಿ ಇದೆ. ಅವು ವ್ಯಾಪಾರದವರ ಫೋನಿನಲ್ಲಿ ಯಾಕೆ ಕಾಣುತ್ತವೆ ಅಂತ ನನಗೆ ಆವತ್ತು ಅರ್ಥವಾಯ್ತು.

ಪರ್ಸೆಂಟ್ ಬಟನ್ನಿನದು ಇನ್ನೊಂದು ಕಥೆ. ನಮ್ಮ ಪೈಪಿಗೆ 18% ಜಿಎಸ್‌ಟಿ. 1000 + 18% ಅಂತ ಗೂಗಲ್‌ನಲ್ಲೂ ಐಫೋನಿನಲ್ಲೂ ಒತ್ತಿದರೆ 1180. ಸರಿ. ಮಾವನ ಕ್ಯಾಸಿಯೊದಲ್ಲಿ 1219.51 ಬರುತ್ತದೆ. ನಾನು ಮೂರು ಸಲ ಒತ್ತಿದೆ, ಮೂರು ಸಲವೂ ಅದೇ. ಅದು ಕೊಡುವುದು ತೆರಿಗೆ ಸೇರಿಸಿದ ದರ ಅಲ್ಲ, ಲಾಭ ಇಟ್ಟ ದರ. 1000ಕ್ಕೆ ತಂದ ಮಾಲನ್ನು ಎಷ್ಟಕ್ಕೆ ಮಾರಿದರೆ ಮಾರಿದ ದುಡ್ಡಿನಲ್ಲಿ 18% ಲಾಭ ಉಳಿಯುತ್ತದೆ ಅನ್ನೋ ಲೆಕ್ಕ. 1219.51ರಲ್ಲಿ 18% ತೆಗೆದರೆ 219.51, ಉಳಿದದ್ದು ಸರಿಯಾಗಿ ಅಸಲು. ತೆರಿಗೆ ಸೇರಿಸಬೇಕಾದರೆ ಅದರಲ್ಲಿ 1000 × 18 % ಒತ್ತಿ ಆಮೇಲೆ + ಒತ್ತಬೇಕು. ಮಾವನಿಗೆ ಇದು ಬಾಯಿಪಾಠ. ಹೊಸ ಹುಡುಗ ಬಂದು ಫೋನಿನ ಅಭ್ಯಾಸದಲ್ಲಿ ಒತ್ತಿದರೆ ಸಾವಿರಕ್ಕೆ ಮೂವತ್ತೊಂಬತ್ತೂವರೆ ರೂಪಾಯಿ ಗಿರಾಕಿಯ ತಲೆ ಮೇಲೆ.

ಫೋನಿನ ಪರ್ಸೆಂಟ್ ಬಟನ್ ಸುಲಭ ಅಂತ ನಂಬಿದರೆ ಅಲ್ಲೂ ಒಂದು ಹಳ್ಳ ಇದೆ. ತೆರಿಗೆ ಸೇರಿದ 1180 ಇದೆ, ಅಸಲು ದರ ಬೇಕು. ಸುಮ್ನೆ 1180 − 18% ಒತ್ತಿದರೆ 967.60 ಬರುತ್ತದೆ. ಬರಬೇಕಾದದ್ದು 1000. ಕಳೆಯುವಾಗ ಅದು 1180ರ 18% ಕಳೆಯುತ್ತದೆ, 1000ದ್ದಲ್ಲ. 1.18ರಿಂದ ಭಾಗಿಸಬೇಕು. ಈ ತಪ್ಪನ್ನು ನಾನೇ ಆರು ತಿಂಗಳು ಮಾಡಿದ್ದೇನೆ, ಹೇಳಿಕೊಳ್ಳೋಕೆ ನಾಚಿಕೆಯಾಗುತ್ತದೆ. ಇಲ್ಲಿ ಜಿಎಸ್‌ಟಿ ಬಟನ್ ಇರುವ ಹೊರಗಿನ ಆ್ಯಪುಗಳು ನಿಜಕ್ಕೂ ಗೆದ್ದವು. ಸೇರಿಸು ಅಂದರೆ ಸೇರಿಸುತ್ತವೆ, ಬಿಡಿಸು ಅಂದರೆ ಸರಿಯಾಗಿ ಬಿಡಿಸುತ್ತವೆ. ಆದರೆ ನಾನು ಇಳಿಸಿಕೊಂಡ ಒಂದರಲ್ಲಿ ಇನ್ನೂ 5, 12, 18, 28 ಅಂತಲೇ ಬಟನ್ ಇವೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟು 28ರಿಂದ 18ಕ್ಕೆ ಇಳಿದಿದೆ, 12 ಮತ್ತು 28ರ ಹಂತಗಳನ್ನು ಹೆಚ್ಚುಕಮ್ಮಿ ಎಲ್ಲ ಸಾಮಾನಿಗೂ ತೆಗೆದಿದ್ದಾರೆ. ದರವನ್ನು ನಾವೇ ತುಂಬುವ ಹಾಗಿರೋ ಆ್ಯಪ್ ಆದರೆ ಪರವಾಗಿಲ್ಲ. ಅಚ್ಚು ಹಾಕಿದ ಹಾಗೆ ಇರೋದು ಬೇಡ.

ಐಪ್ಯಾಡ್ ವಿಷಯ ಕೇಳಿದರೆ ನಗು ಬರುತ್ತದೆ. ಮೊದಲ ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೆ ಕಂಪನಿಯದೇ ಕ್ಯಾಲ್ಕುಲೇಟರ್ ಬಂದದ್ದು 2024ರಲ್ಲಿ, ಐಪ್ಯಾಡ್‌ಒಎಸ್ 18 ಅನ್ನೋ ಸಾಫ್ಟ್‌ವೇರ್ ಜೊತೆ. ಹದಿನಾಲ್ಕು ವರ್ಷ ಅಷ್ಟು ದುಬಾರಿ ಹಲಗೆಯಲ್ಲಿ ಎರಡೂ ಎರಡೂ ಕೂಡೋಕೆ ಆ್ಯಪ್ ಇರಲಿಲ್ಲ! ನಮ್ಮ ಅಂಗಡಿಯದು 2018ರ ಆರನೇ ತಲೆಮಾರಿನದು. ಅದಕ್ಕೆ ಆ ಸಾಫ್ಟ್‌ವೇರ್ ಬರುವುದೇ ಇಲ್ಲ. ಹಾಗಾಗಿ ಅದರಲ್ಲಿ ಹೊರಗಿನ ಆ್ಯಪೇ ಗತಿ. ಮೊದಲು ಸಿಕ್ಕ ಪುಕ್ಕಟೆ ಆ್ಯಪಿನಲ್ಲಿ ಸಮ ಬಟನ್ನಿನ ಕೆಳಗೇ ಜಾಹೀರಾತು. ಗಿರಾಕಿ ಎದುರಿಗೆ ನಿಂತಿದ್ದಾರೆ, ನಾನು ಒಟ್ಟು ಹೇಳಬೇಕು, ಪರದೆ ತುಂಬಾ ರಮ್ಮಿ ಎಲೆಗಳು. ಮಾವ ಏನೂ ಹೇಳಲಿಲ್ಲ, ಕ್ಯಾಸಿಯೊ ಮುಂದಕ್ಕೆ ತಳ್ಳಿದರು ಅಷ್ಟೇ. ಅದನ್ನು ತೆಗೆದು ಪಿಕ್ಯಾಲ್ಕ್‌ನ ಪುಕ್ಕಟೆ ಆವೃತ್ತಿ ಹಾಕಿದೆ. ದೊಡ್ಡ ಬಟನ್, ಗಲಾಟೆ ಇಲ್ಲ. ಪಿಕ್ಯಾಲ್ಕ್ ಹೊಸದಲ್ಲ, 1992ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ಅಂತ ಶುರುವಾದದ್ದು. ಏನೂ ಇಳಿಸಿಕೊಳ್ಳದೆಯೂ ಒಂದು ದಾರಿ ಇದೆ: ಪರದೆಯನ್ನು ಕೆಳಗೆ ಎಳೆದು ಹುಡುಕುವ ಜಾಗದಲ್ಲಿ 345*12 ಅಂತ ಬರೆದರೆ ಉತ್ತರ ಅಲ್ಲೇ ಬರುತ್ತದೆ.

ಮಾವನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅವಳದು ಹೊಸ ಐಪ್ಯಾಡ್. ಅದರ ಕ್ಯಾಲ್ಕುಲೇಟರಿನಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಬರೆದು ಸಮ ಚಿಹ್ನೆ ಹಾಕಿದರೆ ಉತ್ತರ ಬರೆಯುವ ಕೈಯಲ್ಲೇ ಮೂಡುತ್ತದೆ. ಮಾವ ಕನ್ನಡಕ ಏರಿಸಿ ನೋಡಿದರು. "ನಾನೂ ಸ್ಲೇಟಿನ ಮ್ಯಾಲೆ ಹಿಂಗೇ ಮಾಡ್ತಿದ್ದೆ. ಉತ್ತರ ಒಂದ್ ನಾನೇ ಬರೀಬೇಕಿತ್ತು."

ಹೊರಗಿನ ಆ್ಯಪ್ ಇಳಿಸುವಾಗ ಇನ್ನೊಂದು ನೋಡಿ. ಒಂದು ಕ್ಯಾಲ್ಕುಲೇಟರ್ ನನ್ನ ಕಾಂಟ್ಯಾಕ್ಟ್ ಕೇಳಿತು. ಕೂಡೋಕೆ ನಮ್ಮ ಅತ್ತೆಯ ನಂಬರ್ ಯಾಕೆ? ಇನ್ನು ಕೆಲವು ಹೆಸರಿಗೆ ಮಾತ್ರ ಕ್ಯಾಲ್ಕುಲೇಟರ್, ಒಳಗೆ ಫೋಟೊ ಬಚ್ಚಿಡುವ ಪೆಟ್ಟಿಗೆ. ಮನೆಯಲ್ಲಿ ಅನುಮಾನಕ್ಕೆ ದಾರಿ, ಬೇಡ ಬಿಡಿ.

ಲೆಕ್ಕ ಎಷ್ಟು ಸರಿ ಅನ್ನೋದರಲ್ಲಿ ಗೂಗಲ್‌ನದು ಗಟ್ಟಿ. 10ರ ನೂರನೇ ಘಾತಕ್ಕೆ 1 ಕೂಡಿ, ಮತ್ತೆ ಅದೇ ಘಾತ ಕಳೆದರೆ ಸರಿಯಾಗಿ 1 ಅನ್ನುತ್ತದೆ. ಸಾಮಾನ್ಯ ಕ್ಯಾಲ್ಕುಲೇಟರ್ ಅಷ್ಟು ದೊಡ್ಡ ಅಂಕಿಯ ಪಕ್ಕ ಆ 1ನ್ನು ಕಳೆದುಕೊಂಡು ಸೊನ್ನೆ ಅನ್ನುತ್ತದೆ. ಹ್ಯಾನ್ಸ್ ಬೋಹಮ್ ಎಂಬ ವಿಜ್ಞಾನಿ ಇದಕ್ಕೇ ಬೇರೆ ರೀತಿಯ ಗಣಿತ ಕೂರಿಸಿದ್ದಾರೆ. ನಮ್ಮ ಬಿಲ್ಲಿಗೆ ಅಷ್ಟೆಲ್ಲ ಬೇಕಿಲ್ಲ. ನಮಗೆ ಬೇಕಾದದ್ದು ವೇಗವಾಗಿ ಒತ್ತಿದರೂ ತಪ್ಪಬಾರದು. 2017ರಲ್ಲಿ ಐಒಎಸ್ 11 ಸಾಫ್ಟ್‌ವೇರಿನ ಐಫೋನಿನಲ್ಲಿ 1 + 2 + 3 ಅಂತ ಬೇಗ ಒತ್ತಿದರೆ 24 ಬರುತ್ತಿತ್ತು. ಬಟನ್ ಮಿನುಗುವ ಆಟ ಮುಗಿಯುವ ಮೊದಲೇ ಒತ್ತಿದ + ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಮೇಲೆ ಸರಿ ಮಾಡಿದರು. ಗಾಜಿನ ಮೇಲೆ ಬೆರಳಿಗೆ ತಿಳಿಯಲ್ಲ ಅನ್ನೋ ಮಾವನ ಮಾತು ಅಲ್ಲಿಗೆ ನಿಜವೇ. ಬೆಣ್ಣೆ ದೋಸೆ ತಿಂದ ಕೈಯಲ್ಲಿ ಒತ್ತಿ ನೋಡಿ, ಇನ್ನೂ ನಿಜ.

ಆದರೆ ಫೋನು ಒಂದು ಕಡೆ ಮಾವನನ್ನೇ ಸೋಲಿಸಿತು. ಒಂದು ಶನಿವಾರ 23 ಸಾಲಿನ ಬಿಲ್ಲು. ನನ್ನ ಒಟ್ಟು ಮಾವನದಕ್ಕಿಂತ 270 ಕಡಿಮೆ. ಮಾವ ತಕ್ಷಣ ಹೇಳಿದರು: "270 ಒಂಬತ್ತರಾಗ ಹೋಗತೈತಿ. ಎಲ್ಲೋ ಸೊನ್ನಿ ಬಿಟ್ಟೀಯ, ಇಲ್ಲಾ ಅಂಕಿ ತಿರುವು ಹಾಕೀಯ." ಹಳೇ ಲೆಕ್ಕದವರ ಉಪಾಯ ಅದು, ಕೆಲಸಕ್ಕೆ ಬರುತ್ತದೆ. ಆದರೆ ಯಾವ ಸಾಲಿನಲ್ಲಿ ಅಂತ ಕ್ಯಾಸಿಯೊ ನೋಡಿದರೆ ಪರದೆ ಮೇಲೆ ಒಟ್ಟು ಒಂದೇ ನಿಂತಿದೆ. ನನ್ನ ಫೋನಿನಲ್ಲಿ ಪೂರ್ತಿ ಸಾಲು ಇತ್ತು. ಬೆರಳಲ್ಲಿ ಎಳೆಯುತ್ತಾ ಹೋದೆ. ಹದಿನಾಲ್ಕನೇ ಅಂಕಿ 300 ಇರಬೇಕಾದಲ್ಲಿ 30. ಅದರ ಪಕ್ಕ ಮುಟ್ಟಿ ಒಂದು ಸೊನ್ನೆ ಸೇರಿಸಿದೆ, ಕೆಳಗೆ ಒಟ್ಟು ತಾನೇ ಬದಲಾಯ್ತು. ಐಫೋನಿನಲ್ಲಿ ಹಿಂದಿನ ಲೆಕ್ಕಗಳ ಪಟ್ಟಿ ಐಒಎಸ್ 18ರಿಂದ, ಅಂದರೆ 2024ರಿಂದ ಮಾತ್ರ ಇದೆ. ಅಂಗಡಿ ರೂಪದ ಆ್ಯಪುಗಳಲ್ಲಿ ಹಿಂದೆ ಮುಂದೆ ಹೋಗುವ ಚೆಕ್ ಬಟನ್ ಇರುತ್ತದೆ, ಆದರೆ ಒಂದೊಂದೇ ಅಂಕಿ ದಾಟಬೇಕು. ಸಾಲು ಪೂರ್ತಿ ಕಣ್ಣೆದುರು ಇರುವ ಸುಖವೇ ಬೇರೆ.

ಹೀಗಾಗಿ ಫೋನಿನಲ್ಲಿ ಇದ್ದ ಕ್ಯಾಲ್ಕುಲೇಟರನ್ನೇ ಉಳಿಸಿಕೊಂಡೆ, ಜೊತೆಗೆ ಜಿಟಿ ಮತ್ತು ಜಿಎಸ್‌ಟಿ ಬಟನ್ ಇರುವ ಅಂಗಡಿ ರೂಪದ ಆ್ಯಪ್ ಒಂದು. ಹಳೇ ಐಪ್ಯಾಡಿನಲ್ಲಿ ಪಿಕ್ಯಾಲ್ಕ್. ಉಳಿದವನ್ನೆಲ್ಲ ತೆಗೆದೆ. ಕ್ಯಾಸಿಯೊ ಗಲ್ಲಾದ ಮೇಲೇ ಇದೆ. ಮಾವ ಈಗಲೂ ಅದರಲ್ಲೇ ಎರಡು ಸಲ ಕೂಡುತ್ತಾರೆ. ಎರಡು ಸಲಕ್ಕೂ ಒಟ್ಟು ಬೇರೆ ಬೇರೆ ಬಂದರೆ ಮಾತ್ರ ಕೈ ಚಾಚುತ್ತಾರೆ: "ತಾರಲೇ ನಿನ್ನ ಫೋನು."