ಆನ್ ಆರ್ಬರ್, ಬರ್ಕ್ಲಿ, ಕೇಂಬ್ರಿಡ್ಜ್: ವಿದ್ಯಾರ್ಥಿಯ ವೋಟು ಎಲ್ಲಿ ದಡ ಸೇರುತ್ತದೆ?

ಓದಲು ಬೇರೆ ಊರಿಗೆ ಬಂದ ಅಮೆರಿಕದ ಪ್ರಜೆಗಳು ಹಾಸ್ಟೆಲ್ ವಿಳಾಸದ ಮೇಲೆಯೇ ಮತದಾರರಾಗಬಹುದು. ಟೆಕ್ಸಾಸ್‌ನ ವಾಲರ್ ಕೌಂಟಿಯ ಪ್ರಕರಣದಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕನ್ನು ಎತ್ತಿಹಿಡಿಯಿತು. ಹಕ್ಕು ಎಲ್ಲೆಡೆ ಒಂದೇ ಆದರೂ ಅದರಿಂದ ನಗರ ಕೌನ್ಸಿಲ್‌ನಲ್ಲಿ ಕುರ್ಚಿ ಸಿಗುತ್ತದೆಯೇ ಎಂಬುದು ಊರಿಂದೂರಿಗೆ ಬೇರೆ. ಮೂರು ಊರುಗಳ ಪದ್ಧತಿಯನ್ನು ವಿದ್ಯಾರ್ಥಿ ಮತದಾರರ ಕಡೆಯಿಂದ ತೂಗಿ ನೋಡಿದ್ದೇವೆ.

ಆನ್ ಆರ್ಬರ್, ಮಿಶಿಗನ್: 5ಕ್ಕೆ 2

ಐದು ವಾರ್ಡ್, ತಲಾ ಇಬ್ಬರು ಸದಸ್ಯರು, ಮೇಲೊಬ್ಬ ಮೇಯರ್. ವಾರ್ಡುಗಳ ತುದಿ ಊರಿನ ನಡುವೆ ಸೇರಬೇಕು ಎಂದು ನಗರದ ಚಾರ್ಟರ್ (ಆಡಳಿತದ ಮೂಲ ಕಾಯ್ದೆ) ಹೇಳುತ್ತದೆ. ಮಿಶಿಗನ್ ವಿಶ್ವವಿದ್ಯಾಲಯವೂ ನಡುವೆಯೇ ಇದೆ. ಹೋಳಿಗೆಯನ್ನು ಐದು ತುಂಡು ಮಾಡಿದ ಹಾಗೆ ವಿದ್ಯಾರ್ಥಿಗಳು ಹಂಚಿಹೋಗಿ, ಪ್ರತಿ ವಾರ್ಡಿನಲ್ಲೂ ಕಾಯಂ ನಿವಾಸಿಗಳ ಪಕ್ಕದಲ್ಲಿ ಅಲ್ಪಸಂಖ್ಯಾತರಾಗುತ್ತಾರೆ.

ಇದಕ್ಕಿಂತ ದೊಡ್ಡ ಪೆಟ್ಟು ತಾರೀಖಿನದು. ಊರು ಡೆಮಾಕ್ರಟರ ಕೋಟೆ. ಅವರ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನ, ಗೆದ್ದವರೇ ಬಹುತೇಕ ಕೌನ್ಸಿಲರ್. ಆ ಪ್ರೈಮರಿ ನಡೆಯುವುದು ಆಗಸ್ಟ್ ಮೊದಲ ಸೋಮವಾರ ಕಳೆದ ಮಂಗಳವಾರ. ತರಗತಿ ಶುರುವಾಗುವುದು ತಿಂಗಳ ಕೊನೆಗೆ. ನವೆಂಬರ್‌ನಲ್ಲಿ ಉತ್ಸಾಹದಿಂದ ಸಾಲು ನಿಲ್ಲುವ ವಿದ್ಯಾರ್ಥಿಗೆ ಆ ಹೊತ್ತಿಗೆ ಉಳಿದಿರುವುದು ಮುಗಿದುಹೋದ ಪಂದ್ಯ. ಇದೇ ಊರಿನಲ್ಲಿ ನಗರ ಚುನಾವಣೆ ಏಪ್ರಿಲ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲಿ, 1972ರಲ್ಲಿ, ವಿದ್ಯಾರ್ಥಿಗಳ ಬೆಂಬಲದ ಹ್ಯೂಮನ್ ರೈಟ್ಸ್ ಪಾರ್ಟಿ ಎರಡು ಸ್ಥಾನ ಗೆದ್ದಿತ್ತು. 1974ರಲ್ಲಿ ವಿದ್ಯಾರ್ಥಿನಿ ಕ್ಯಾಥಿ ಕೊಜಚೆಂಕೊ ಗೆದ್ದರು. ಪಕ್ಷರಹಿತ ಚುನಾವಣೆ ತಂದು ಈ ಪ್ರೈಮರಿಯನ್ನೇ ತೆಗೆಯುವ ಪ್ರಸ್ತಾವವನ್ನು 2024ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿದರು. ನಮಗೆ ಇದು ನಿಜಕ್ಕೂ ಬೇಸರದ ಸಂಗತಿ.

ಎರಡು ಅಂಕ ಕೊಟ್ಟಿದ್ದು ನೋಂದಣಿಗೆ. ಮತದಾನದ ದಿನವೂ ಹೆಸರು ಸೇರಿಸಬಹುದು. ಚುನಾವಣೆ ನೋಡಿಕೊಳ್ಳುವ ಅಧಿಕಾರಿಯಾದ ನಗರ ಕ್ಲರ್ಕ್ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲೇ ಕಚೇರಿ ತೆರೆದದ್ದು ಒಳ್ಳೆಯ ಕೆಲಸ. ಆದರೆ ಆ ದಿನದ ನೋಂದಣಿ ಕ್ಲರ್ಕ್ ಕಚೇರಿಯಲ್ಲಿ ಮಾತ್ರ, ಮತಗಟ್ಟೆಯಲ್ಲಿ ಆಗುವುದಿಲ್ಲ. ಸಾಲು ಬೆಳೆಯುವುದು ಇದರಿಂದಲೇ. ರಾತ್ರಿ 8ರೊಳಗೆ ಸಾಲಿನಲ್ಲಿ ನಿಂತಿದ್ದರೆ ವೋಟು ಖಂಡಿತ, ಬೇಸತ್ತು ಹೊರಟುಬಿಡಬೇಡಿ.

ಬರ್ಕ್ಲಿ, ಕ್ಯಾಲಿಫೋರ್ನಿಯಾ: 5ಕ್ಕೆ 4

ಎಂಟು ಡಿಸ್ಟ್ರಿಕ್ಟ್, ತಲಾ ಒಬ್ಬರು. 1986ರ ಗಡಿಗಳಿಗೆ ಅಂಟಿಕೊಳ್ಳಬೇಕೆಂಬ ನಿಯಮವನ್ನು 2012ರಲ್ಲಿ ಸಡಿಲಿಸಿದ ಮೇಲೆ, ಕ್ಯಾಂಪಸ್‌ನ ದಕ್ಷಿಣಕ್ಕೆ ಡಿಸ್ಟ್ರಿಕ್ಟ್ 7 ವಿದ್ಯಾರ್ಥಿಗಳೇ ಬಹುಪಾಲಿರುವ ಕ್ಷೇತ್ರವಾಯಿತು. ಉತ್ತರ ಭಾಗದ ಹಾಸ್ಟೆಲ್, ಕೋ-ಆಪ್‌ (ವಿದ್ಯಾರ್ಥಿಗಳೇ ನಡೆಸುವ ಸಹಕಾರಿ ವಸತಿ) ಗಳನ್ನು ಹೊರಗಿಟ್ಟಿದ್ದಕ್ಕೆ ಜಗಳವಾಗಿ ನಕ್ಷೆ ಜನಮತಕ್ಕೆ ಹೋಯಿತು, 2014ರಲ್ಲಿ ಅಂಗೀಕಾರವಾಯಿತು. ಆ ಆಕ್ಷೇಪದಲ್ಲಿ ಹುರುಳಿತ್ತು. ಆದರೂ ಫಲ ಕಣ್ಣೆದುರಿಗಿದೆ: 2018ರಲ್ಲಿ ಆಗಷ್ಟೇ ಪದವಿ ಮುಗಿಸಿದ ರೈಜೆಲ್ ರಾಬಿನ್ಸನ್, 2024ರ ಏಪ್ರಿಲ್ ಉಪಚುನಾವಣೆಯಲ್ಲಿ ಇನ್ನೂ ಪದವಿ ಓದುತ್ತಿದ್ದ ಸೆಸಿಲಿಯಾ ಲುನಪಾರಾ ಇಲ್ಲಿಂದ ಗೆದ್ದರು. ನಿಗದಿತ ಚುನಾವಣೆ ನವೆಂಬರ್‌ನಲ್ಲಿ, ಉಪಚುನಾವಣೆ ಏಪ್ರಿಲ್‌ನಲ್ಲಿ. ಎರಡೂ ಹೊತ್ತಿನಲ್ಲಿ ಮತದಾರರು ಊರಲ್ಲೇ ಇದ್ದರು. ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವುದರಿಂದ, ಸೋತವರ ಮತ ಮುಂದಿನ ಆಯ್ಕೆಗೆ ಹೋಗಿ, ಇಬ್ಬರು ವಿದ್ಯಾರ್ಥಿಗಳು ನಿಂತರೂ ವೋಟು ಒಡೆಯುವ ಭಯ ಕಡಿಮೆ.

ಒಂದು ಅಂಕ ಕಳೆದದ್ದು ನಾಲ್ಕು ವರ್ಷದ ಅವಧಿಗೆ: ಪದವಿ ಮುಗಿಯುವಷ್ಟರಲ್ಲಿ ನಿಮ್ಮ ಪಾಲಿಗೆ ಬರುವುದು ಸಾಮಾನ್ಯವಾಗಿ ಒಂದೇ ಚುನಾವಣೆ. ಅದೂ ಸುಲಭವಾಗಿ ಕೈತಪ್ಪುತ್ತದೆ. ಮತಪತ್ರ ಅಂಚೆಯಲ್ಲಿ ಬರುತ್ತದೆ. ವರ್ಷಕ್ಕೊಂದು ಮನೆ ಬದಲಿಸುವವರದು ಹಳೆಯ ಬಾಗಿಲಿಗೆ ಹೋಗಿ ಬೀಳುತ್ತದೆ. ಹೊಸ ಬಾಡಿಗೆ ಮನೆಗೆ ಸಾಮಾನು ಇಳಿಸಿದ ವಾರವೇ ವಿಳಾಸ ತಿದ್ದಿ. ಚುನಾವಣೆಗೆ 15 ದಿನ ಮುಂಚೆ ಸಾಮಾನ್ಯ ನೋಂದಣಿ ಮುಚ್ಚುತ್ತದೆ. ಆಮೇಲೆ ಮತಕೇಂದ್ರಕ್ಕೆ ಖುದ್ದಾಗಿ ಹೋಗಬೇಕು.

ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್: 5ಕ್ಕೆ 3

ವಾರ್ಡೇ ಇಲ್ಲ. ಇಡೀ ಊರಿಗೆ ಒಂಬತ್ತು ಸ್ಥಾನ, 1940ರ ದಶಕದಿಂದಲೂ ಅನುಪಾತ ಪದ್ಧತಿ, ಅಂದರೆ ಪಡೆದ ಮತದ ಪಾಲಿಗೆ ತಕ್ಕಂತೆ ಸ್ಥಾನ. ಸಿಂಧು ಮತಗಳನ್ನು 10ರಿಂದ ಭಾಗಿಸಿ ಒಂದು ಕೂಡಿಸಿದರೆ ಕೋಟಾ, ಅಂದರೆ ಒಂದು ಸ್ಥಾನಕ್ಕೆ ಬೇಕಾದ ಮತ: 20,000 ಮತ ಬಿದ್ದರೆ 2,001 ಸಾಕು. ಹಾರ್ವರ್ಡ್, ಎಂಐಟಿ ವಿದ್ಯಾರ್ಥಿಗಳು ಎಲ್ಲೇ ವಾಸವಿರಲಿ, ಅವರ ವೋಟುಗಳು ಒಂದೆಡೆ ಕೂಡಿಕೊಳ್ಳಬಹುದು. ಲೆಕ್ಕದ ಮಟ್ಟಿಗೆ ಮೂರರಲ್ಲಿ ನಮಗೆ ಅತಿ ಇಷ್ಟವಾದದ್ದು ಇದು. ಎಡವುವುದು ಮತ್ತೆ ಕ್ಯಾಲೆಂಡರಿನಲ್ಲಿ: ಚುನಾವಣೆ ಬೆಸ ವರ್ಷದ ನವೆಂಬರ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಯ ಗದ್ದಲ ಯಾವುದೂ ಇಲ್ಲದ ಹೊತ್ತಿನಲ್ಲಿ. ನಗರದ ಚುನಾವಣೆ ಇದೆಯೆಂಬುದೇ ಹಾಸ್ಟೆಲಿನ ಕಿವಿಗೆ ಬೀಳುವುದಿಲ್ಲ.

ಕರ್ನಾಟಕದಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಹೋದವರು ಈ ಮೂರೂ ಊರುಗಳಲ್ಲಿ ವೋಟು ಹಾಕುವಂತಿಲ್ಲ. ಆದರೆ ಜನಗಣತಿ ಅವರನ್ನೂ ಎಣಿಸುತ್ತದೆ, ಕ್ಷೇತ್ರದ ಗಡಿ ಎಳೆಯುವುದು ಆ ಎಣಿಕೆಯ ಮೇಲೆ. ಹಾಗಾಗಿ ಗಣತಿಯ ಫಾರಂ ಬಂದಾಗ ತಪ್ಪದೆ ತುಂಬಿ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಮಾತ್ರ ‘ಬೇಡ’ ಎನ್ನಿ. ಪ್ರಜೆ ಎಂದು ತಪ್ಪಾಗಿ ಟಿಕ್ ಹಾಕಿದರೆ ಗಡೀಪಾರಿನವರೆಗೂ ಹೋಗಬಹುದು.