ಎಕ್ಸೆಲ್‌ನ ಪಿವಟ್ ಕಾಲಂ: ಮಾರ್ಕ್ಸ್ ಲಿಸ್ಟ್ ಮಾಡೋ ಟೀಚರ್‌ಗಳು ಒಂದ್ಸಲ ಬಳಸಿ ನೋಡಿ

ನಾನು ಹೈಸ್ಕೂಲ್ ಟೀಚರ್, ಒಂಬತ್ತನೇ ಕ್ಲಾಸಿನ ಜವಾಬ್ದಾರಿ ನಂದು. ಟೆಸ್ಟ್ ಮುಗಿದ್ಮೇಲೆ ಮಾರ್ಕ್ಸ್ ನನ್ನ ಕೈಗೆ ಬರೋದು ಉದ್ದಕ್ಕೆ ಒಂದೇ ಪಟ್ಟಿಯಾಗಿ, ರೋಲ್ ನಂಬರ್, ಹೆಸರು, ಸಬ್ಜೆಕ್ಟ್, ಮಾರ್ಕ್ಸ್ ಅಂತ. 42 ಮಕ್ಕಳು 6 ಸಬ್ಜೆಕ್ಟ್, ಅಲ್ಲಿಗೆ 252 ಸಾಲು. ಆದ್ರೆ ಹೆಡ್‌ಮಾಸ್ಟರಿಗೂ ಪೇರೆಂಟ್ಸ್ ಮೀಟಿಂಗಿಗೂ ಬೇಕಾಗೋದು ಒಂದು ಮಗುವಿಗೆ ಒಂದೇ ಸಾಲು, ಅಡ್ಡಕ್ಕೆ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ.

ಮೊದ್ಲು ಎಲ್ಲರ ಥರ ಪಿವಟ್ ಟೇಬಲ್ಲೇ (ಪಟ್ಟಿನ ಗುಂಪು ಮಾಡಿ ಲೆಕ್ಕ ಹಾಕಿ ಕೊಡೋ ಎಕ್ಸೆಲ್ ಸೌಲಭ್ಯ) ಹಾಕ್ತಿದ್ದೆ. ಮೊತ್ತ, ಸರಾಸರಿ ತೆಗೆಯೋಕೆ ಅದು ತುಂಬಾ ಒಳ್ಳೇದು, ಇಲ್ಲ ಅನ್ನಲ್ಲ. ಆದ್ರೆ ಅದರ ಕೆಲ್ಸನೇ ಲೆಕ್ಕ ಮಾಡೋದು. ಗೈರಾದ ಮಗುವಿಗೆ 'ಎಬಿ' ಅಂತ ಬರ್ದಿದ್ರೆ ಆ ಅಕ್ಷರನ ಹಾಗೇ ತೋರ್ಸಲ್ಲ, ಸಮ್ ಅಂತ ಇಟ್ರೆ ಅಲ್ಲಿ 0 ಕೂರುತ್ತೆ. ಬರೆದು ಸೊನ್ನೆ ತಗೊಳ್ಳೋದು ಬೇರೆ, ಜ್ವರ ಬಂದು ಟೆಸ್ಟಿಗೇ ಬರದೇ ಇರೋದು ಬೇರೆ ಅಲ್ವಾ, ಆ ಸೊನ್ನೆ ನೋಡಿ ಮನೇಲಿ ಮಗುನ ಬೈತಾರೆ.

ಈ ಕೆಲ್ಸಕ್ಕೆ ಸರಿಯಾಗಿರೋದು ಪವರ್ ಕ್ವೆರಿ, ಅಂದ್ರೆ ಡೇಟಾನ ಬೇಕಾದ ರೂಪಕ್ಕೆ ತರೋ ಎಕ್ಸೆಲ್ ಸಾಧನ, ಅದರ ಒಳಗಿರೋ ಪಿವಟ್ ಕಾಲಂ. ಉದ್ದಕ್ಕಿರೋ ಪಟ್ಟಿನ ಇದು ಅಡ್ಡಕ್ಕೆ ತಿರುಗಿಸುತ್ತೆ. ಎಕ್ಸೆಲ್ 2016ರಿಂದ ಈಚೆಗೆ ಒಳಗೇ ಬರುತ್ತೆ, 2010, 2013ಕ್ಕೆ ಬೇರೆ ಹಾಕ್ಕೋಬೇಕಿತ್ತು. ಪಟ್ಟಿ ಮೇಲೆ ಕ್ಲಿಕ್ ಮಾಡಿ ಡೇಟಾ ಟ್ಯಾಬಿಂದ 'ಫ್ರಮ್ ಟೇಬಲ್/ರೇಂಜ್' ಕೊಟ್ರೆ ಎಡಿಟರ್ ತೆರೆಯುತ್ತೆ. ಅಲ್ಲಿ ಸಬ್ಜೆಕ್ಟ್ ಕಾಲಂ ಸೆಲೆಕ್ಟ್ ಮಾಡಿ ಟ್ರಾನ್ಸ್‌ಫಾರ್ಮ್‌ನಲ್ಲಿ ಪಿವಟ್ ಕಾಲಂ ಒತ್ತಿ, ವ್ಯಾಲ್ಯೂ ಜಾಗದಲ್ಲಿ ಮಾರ್ಕ್ಸ್ ಕೊಟ್ಟು, ಅಡ್ವಾನ್ಸ್ಡ್ ತೆರೆದು 'ಡೋಂಟ್ ಅಗ್ರಿಗೇಟ್' (ಕೂಡಿಸ್ಬೇಡ, ಇದ್ದಿದ್ದನ್ನ ಹಾಗೇ ಇಡು) ಅಂತ ಆರಿಸ್ಬೇಕು, ಇದೊಂದನ್ನ ಮಾತ್ರ ಮರೀಬೇಡಿ. ಎಬಿ ಎಬಿಯಾಗೇ ಬರುತ್ತೆ, 38 ಮೂವತ್ತೆಂಟಾಗೇ ಬರುತ್ತೆ. ಆದ್ರೆ ಮಾರ್ಕ್ಸ್ ಕಾಲಂ ಟೈಪ್ ಬರೀ ನಂಬರ್ ಅಂತ ಇರಬಾರ್ದು, ಇದ್ರೆ ಎಬಿ ಎಲ್ಲಾ ಎರರ್ ಆಗುತ್ತೆ.

ನಂಗೆ ತುಂಬಾ ಹಿಡಿಸಿದ್ದು ಅಂದ್ರೆ ಒಬ್ಬರ ಒಂದೇ ಸಬ್ಜೆಕ್ಟ್ ಎರಡು ಸಲ ಎಂಟ್ರಿ ಆಗಿದ್ರೆ ಇದು ಆ ಚೌಕದಲ್ಲಿ ಎರರ್ ತೋರ್ಸುತ್ತೆ. ಪಿವಟ್ ಟೇಬಲ್ ಆಗಿದ್ರೆ 38ಕ್ಕೆ 41 ಕೂಡಿಸಿ 50ರ ಟೆಸ್ಟಿಗೆ 79 ಅಂತ ಸದ್ದಿಲ್ದೆ ಕೊಟ್ಬಿಡ್ತಿತ್ತು. ನನ್ನ ಕ್ಲಾಸಲ್ಲಿ ಇಬ್ರು ಮಂಜುನಾಥ ಇದಾರೆ, ರೋಲ್ ನಂಬರ್ ಬಿಟ್ಟು ಬರೀ ಹೆಸರಿಟ್ಟಿದ್ದಾಗ ಆ ಸಾಲಿನ ಆರೂ ಸಬ್ಜೆಕ್ಟಿಗೆ ಎರರ್ ಬಂತು, ಅದ್ರಿಂದಾನೇ ಇಬ್ಬರ ಮಾರ್ಕ್ಸ್ ಒಟ್ಟಿಗೆ ಸೇರಿದೆ ಅಂತ ಗೊತ್ತಾಗಿದ್ದು.

ಕಷ್ಟ ಕೊಡೋದೂ ಇದೆ. ಎಂಟ್ರಿ ಮಾಡಿದ ದಿನಾಂಕದ ಥರ ಒಂದು ಕಾಲಂ ಪಟ್ಟಿಯಲ್ಲಿ ಹೆಚ್ಚಿಗೆ ಉಳಿದಿದ್ರೂ ಮುಗೀತು, ಸಬ್ಜೆಕ್ಟಿಗೊಂದು ದಿನಾಂಕ ಇರುತ್ತಲ್ಲ, ಒಂದು ಮಗು ಆರು ಸಾಲಾಗಿ ಒಡೆದು ಒಂದೊಂದ್ರಲ್ಲಿ ಒಂದೇ ಮಾರ್ಕ್ಸ್ ಇದ್ದು ಮಿಕ್ಕಿದ್ದೆಲ್ಲ ನಲ್ (ಖಾಲಿ) ಅಂತ ಬರುತ್ತೆ. ಪಿವಟ್ ಮಾಡೋಕೆ ಮುಂಚೆನೇ ಅಂಥಾ ಕಾಲಂ ತೆಗೆದ್ಹಾಕಿ. ಮತ್ತೆ 'ಗಣಿತ' ಪಕ್ಕ ಯಾರಾದ್ರೂ ಒಂದು ಸ್ಪೇಸ್ ಬಿಟ್ಟಿದ್ರೆ ಅದು ಬೇರೆ ಸಬ್ಜೆಕ್ಟ್ ಅಂದ್ಕೊಂಡು ಎರಡು ಗಣಿತ ಕಾಲಂ ಮಾಡುತ್ತೆ, ಅಂಥಾ ಸ್ಪೇಸ್ ತೆಗೆಯೋಕೆ ಫಾರ್ಮ್ಯಾಟ್‌ನಲ್ಲಿ ಟ್ರಿಮ್ ಇದೆ. ಸಬ್ಜೆಕ್ಟ್‌ಗಳು ಪಟ್ಟಿಯಲ್ಲಿ ಯಾವ ಕ್ರಮದಲ್ಲಿ ಮೊದ್ಲು ಸಿಗುತ್ತೋ ಅದೇ ಕ್ರಮದಲ್ಲಿ ಕೂರುತ್ವೆ, ಹಾಗಾಗಿ ಕನ್ನಡ ಮೊದ್ಲು ಬೇಕಂದ್ರೆ ನೀವೇ ಎಳೆದಿಡ್ಬೇಕು.

ಒಂದ್ಸಲ ಸೆಟ್ ಮಾಡಿದ್ಮೇಲೆ ಮುಂದಿನ ಟೆಸ್ಟಿನ ಮಾರ್ಕ್ಸನ್ನ ಹಳೇದರ ಜಾಗದಲ್ಲಿ ಹಾಕಿ ರಿಫ್ರೆಶ್ ಕೊಟ್ರೆ ಸಾಕು. ಮೊದ್ಲು ಒಂದೊಂದೇ ಕಾಪಿ ಪೇಸ್ಟ್ ಮಾಡ್ತಾ ಭಾನುವಾರ ಪೂರ್ತಿ ಹೋಗ್ತಿತ್ತು, ಈ ಸಲ ಶನಿವಾರ ಸ್ಟಾಫ್ ರೂಮಲ್ಲೇ ಪ್ರಿಂಟ್ ತೆಗೆದು ಮನೆಗೆ ಬಂದೆ.